ಅಶ್ವಶಕ್ತಿಗೆ ಮೊದಲು ಆಯಿಲ್ ನೋಡಿ

ಸ್ಪೋರ್ಟ್ಸ್ ಕಾರನ್ನು ಅಶ್ವಶಕ್ತಿಯ ಅಂಕಿಯಿಂದಲೇ ಅಳೆಯುವ ಚಾಳಿ ಹೋಗಬೇಕು. ಟ್ರ್ಯಾಕಿನಲ್ಲಿ ವರ್ಷಗಟ್ಟಲೆ ದಂಡಿಸಿದ ಮೇಲೂ ಎಂಜಿನ್ ಗಟ್ಟಿಯಾಗಿ ಉಳಿಯುತ್ತದೆಯೇ ಎಂಬುದು ಮುಖ್ಯ.

650 ಅಶ್ವಶಕ್ತಿಯ 2015ರ ಕಾರ್ವೆಟ್ ಝಡ್06 ಟ್ರ್ಯಾಕಿಗೆ ಹೇಳಿಮಾಡಿಸಿದ್ದೆಂದೇ ಪ್ರಚಾರ ಪಡೆಯಿತು. ಆದರೆ ಕೆಲವೇ ಸುತ್ತುಗಳಲ್ಲಿ ಬಿಸಿಯೇರಿ ತಾನಾಗಿ ಶಕ್ತಿ ತಗ್ಗಿಸಿಕೊಳ್ಳುತ್ತದೆ ಎಂದು ಮಾಲೀಕರು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು.

ಪೋರ್ಷೆ 911ರ 996 ಪೀಳಿಗೆಯ ಕಥೆ ಇನ್ನೂ ಸ್ವಾರಸ್ಯದ್ದು. ಮೈಕಟ್ಟು ಒಂದೇ, ಹಣೆಬರಹ ಎರಡು. ಸಾಮಾನ್ಯ ಕರೆರಾದಲ್ಲಿ ಎಂಜಿನ್ನಿನೊಳಗಿನ ಮಧ್ಯಂತರ ಶಾಫ್ಟಿನ ಪುಟ್ಟ ಬೇರಿಂಗ್ ಮುರಿದರೆ ಇಡೀ ಎಂಜಿನ್ನೇ ಹಾಳಾಗಬಹುದು. ಅದೇ ಪೀಳಿಗೆಯ 1999ರ ಜಿಟಿ3ಗೆ ಸಿಕ್ಕಿದ್ದು, 1998ರ ಲ ಮಾನ್ಸ್ ರೇಸ್ ಗೆದ್ದ ಪೋರ್ಷೆ ಜಿಟಿ1 ಕಾರಿನ ವಂಶದ ಎಂಜಿನ್. ಅದರ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ವೇಗದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಬರಿದಾಗುವ ಭಯ ಬಹಳ ಕಡಿಮೆ. ಬೆಲೆ ಹೆಚ್ಚಾದರೂ ಅದೇ ಸರಿಯಾದ ದಾರಿ.

ದುಬಾರಿ ಕಾರೇ ಬೇಕೆಂದಿಲ್ಲ. ಮಜ್ದಾ ಮಿಯಾಟಾ ಹಗುರ, ಶಕ್ತಿ ಮಿತ. ಬ್ರೇಕು, ಟೈರುಗಳಿಗೂ ಶಿಕ್ಷೆ ಕಡಿಮೆ. ಅಮೆರಿಕದ ಹವ್ಯಾಸಿ ರೇಸುಗಳಲ್ಲಿ ಹಳೆಯ ಮಿಯಾಟಾಗಳು ಇಂದಿಗೂ ಓಡುತ್ತಿವೆ.

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಸರ್ವೀಸ್ ಪುಸ್ತಕದಲ್ಲಿ ಆಯಿಲ್ ಬದಲಿಸಿದ ದಿನಾಂಕಗಳನ್ನು ಮೊದಲು ಓದಲಿ, ಆಮೇಲೆ ಬೆಲೆ ಮಾತಾಡಲಿ.