ತೋಳವು ನಮ್ಮ ದಯೆಗೆ ಹೊರಗೇ?

ಶರಣಬಂಧುಗಳೇ, ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂದು ಸಾರಿದ ಅಣ್ಣ ಬಸವಣ್ಣನವರ ವಚನವನ್ನು ನಾವು ನಿತ್ಯವೂ ಪಠಿಸುತ್ತೇವೆ. ಆ ‘ಸಕಲ’ದಲ್ಲಿ ತೋಳವು ಸೇರಿದೆಯೋ ಇಲ್ಲವೋ? ಸೇರಿದೆ ಎನ್ನುವುದಾದರೆ, ಸತ್ತ ಕುರಿಗೆ ವಿಷ ಬೆರೆಸಿಡುವುದನ್ನೂ ಮರಿಗಳಿರುವ ಗುದ್ದಿಗೆ ಹೊಗೆ ಹಾಕುವುದನ್ನೂ ಕಂಡು ಸುಮ್ಮನಿರುವುದು ಯಾವ ಭಕ್ತಿ? ಆ ವಿಷವನ್ನು ತೋಳವೊಂದೇ ತಿನ್ನುವುದಿಲ್ಲ. ನರಿ, ಕತ್ತೆಕಿರುಬ, ಕಡೆಗೆ ಕುರಿಗಾಹಿಯ ನಾಯಿಯೂ ಸಾಯುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕುರುಚಲು ಗುಡ್ಡಗಳೂ ಹುಲ್ಲುಗಾವಲುಗಳೂ ಈ ಜೀವಿಗಳ ಮನೆ. ಅದನ್ನು ‘ಬೀಳು’ ಎಂದು ಕರೆದು ಉತ್ತವರು ನಾವು, ಕಲ್ಲು ಒಡೆದವರು ನಾವು. ತೋಳ ಹಟ್ಟಿಗೆ ಬಂತೆಂದು ದೂರುವವರೂ ನಾವೇ! ಹಕ್ಕಿಗಳಿಗೆ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು, ಸಂತೋಷ. ತೋಳಕ್ಕೆ 1972ರ ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಹೆಸರಿದೆ, ನಮ್ಮ ಮನಸ್ಸಿನಲ್ಲಿ ಸ್ಥಳವಿಲ್ಲ.

ಹಾಗೆಂದು ದಯೆಯ ಭಾರವನ್ನೆಲ್ಲ ಕುರಿಗಾಹಿಯ ತಲೆಗೆ ಹೊರಿಸುವುದೂ ಅನ್ಯಾಯವೇ. ಪೇಟೆಯಲ್ಲಿ ಕುಳಿತವನಿಗೆ ತೋಳದ ಮೇಲಿನ ಪ್ರೀತಿ ಪುಕ್ಕಟೆ. ಕುರಿಗಾಹಿಗೆ ಒಂದು ಕುರಿ ಹೋದರೆ ಮಕ್ಕಳ ಓದಿನ ಹಣವೇ ಹೋದಂತೆ. ಪರಿಹಾರ ಬೇಕಾದರೆ ಪಂಚನಾಮೆ ಎಂದು, ಪಶುವೈದ್ಯರ ಪತ್ರವೆಂದು ಅಲೆದಾಟ. ಊರೂರು ತಿರುಗಿ ಮಂದೆ ಕೂಡಿಸುವವನು ಇವನ್ನೆಲ್ಲ ಎಲ್ಲಿಂದ ತಂದಾನು? ಮಠದ ಭಕ್ತರಲ್ಲಿ ಓದುಬರಹ ಬಲ್ಲವರಿಗೆ ಕೊರತೆಯಿಲ್ಲ. ಅವರು ಆತನ ಅರ್ಜಿ ಬರೆದುಕೊಡಲಿ, ಅರಣ್ಯ ಕಚೇರಿಗೆ ಜೊತೆಯಲ್ಲಿ ನಡೆಯಲಿ, ಹಣ ಕೈಸೇರುವವರೆಗೆ ಬೆನ್ನು ಬಿಡದಿರಲಿ.