ಉಲ್ಟಾ ತಿರುಪು



ಹೋದ ಸಂಚಿಕೆಯಲ್ಲಿ ಈ ಪುಟದಲ್ಲಿ ನನ್ನ ಹರಟೆಯ ಬದಲು ಮಡಕಿಕಾಳಿನ ಉಸಳಿ ಮಾಡುವ ವಿಧಾನ ಅಚ್ಚಾಗಿದ್ದನ್ನು ತಾವು ಗಮನಿಸಿರಬಹುದು. ‘ಅನಿವಾರ್ಯ ಕಾರಣಗಳಿಂದ ಈ ಸಲ ಅಂಕಣ ಪ್ರಕಟವಾಗಿಲ್ಲ’ ಎಂದು ಸಂಪಾದಕರು ಕೆಳಗೊಂದು ಸಾಲು ಹಾಕಿದ್ದರು. ಡೊಂಬಿವಲಿಯಿಂದ ಇಬ್ಬರು, ನೆರುಳದಿಂದ ಒಬ್ಬರು ಫೋನ್ ಮಾಡಿ ವಿಚಾರಿಸಿದರು. ಕಲ್ಯಾಣದ ಹಿರಿಯರೊಬ್ಬರು ಮಾತ್ರ ‘ಉಸಳಿ ಚೆನ್ನಾಗಿತ್ತು’ ಎಂದು ಹೇಳಿ ಫೋನ್ ಇಟ್ಟರು.

ಅನಿವಾರ್ಯ ಕಾರಣವೆಂದರೆ ನನ್ನ ಬಲ ಮುಂಗೈಯ ಎಲುಬು. ಅದು ಮುರಿದದ್ದು ಯೇವೂರಿನ ಗುಡ್ಡದಲ್ಲಿ, ಸೈಕಲ್ಲಿನಿಂದ ಬಿದ್ದು. ಆದರೆ ಈ ಕತೆ ಆರಂಭವಾಗುವುದು ಸೈಕಲ್ಲಿನಿಂದಲ್ಲ, ನಮ್ಮ ಮನೆಯ ಬಚ್ಚಲಿನಿಂದ. ಮುಚ್ಚಿಟ್ಟು ಪ್ರಯೋಜನವಿಲ್ಲ; ಕಟ್ಟಡದವರಿಗೆಲ್ಲ ಗೊತ್ತಾಗಿದೆ, ತಮಗೂ ಗೊತ್ತಾಗಲಿ.

ನಮ್ಮದು ಠಾಣೆಯ ವರ್ತಕ ನಗರದ ಹತ್ತಿರ ಒಂದು ಹಳೆಯ ಕಟ್ಟಡ. ನಾವು ಎರಡನೆಯ ಮಾಳಿಗೆಯಲ್ಲಿ. ನಮ್ಮ ಕೆಳಗೆ, ಮೊದಲನೆಯ ಮಾಳಿಗೆಯಲ್ಲಿ ಇರುವವರನ್ನು ಎಲ್ಲರೂ ನಾನಾ ಎಂದೇ ಕರೆಯುತ್ತಾರೆ. ವಾಗಳೆ ಎಸ್ಟೇಟಿನ ಕಾರಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಾನು ಅವರಿಗೆ ‘ಅಣ್ಣಾ’. ಈ ಊರಿನಲ್ಲಿ ದಕ್ಷಿಣದಿಂದ ಬಂದವನು ಧಾರವಾಡದವನಾದರೂ ಅಣ್ಣನೇ. ಇಪ್ಪತ್ತೆರಡು ವರ್ಷಗಳಿಂದ ಅವರ ಗಣಪತಿಯ ಮೋದಕ ಮೇಲೆ ಬರುತ್ತಿತ್ತು, ನಮ್ಮ ಸಂಕ್ರಾಂತಿಯ ಮಾದಲಿ ಕೆಳಗೆ ಹೋಗುತ್ತಿತ್ತು.

ಧಾರವಾಡದಲ್ಲಿ ವರ್ಷವಿಡೀ ಬೀಳುವ ಮಳೆಯ ಹೆಚ್ಚುಕಡಿಮೆ ಮೂರು ಪಟ್ಟು ಠಾಣೆಯಲ್ಲಿ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹೀಗಾಗಿ ಜೂನ್ ಬಂತೆಂದರೆ ಇಲ್ಲಿಯವರ ಮಾತು ‘ಲೀಕೇಜ್’ನಿಂದ ಶುರುವಾಗಿ ‘ಲೀಕೇಜ್’ನಲ್ಲೇ ಮುಗಿಯುತ್ತದೆ. ಈ ಸಲ ಜೂನ್ ಕೊನೆಯಲ್ಲಿ ನಾನಾ ಮೇಲೆ ಬಂದು, ‘ಅಣ್ಣಾ, ನಮ್ಮ ಬಚ್ಚಲಿನ ಮಾಡು ಹಸಿಯಾಗಿದೆ. ಕಲೆ ಅಡಿಗೆಮನೆಯ ಪ್ಯಾಸೇಜಿನವರೆಗೂ ಬಂದಿದೆ. ನಿಮ್ಮ ನಹಾನಿ ಟ್ರ್ಯಾಪ್ ಒಮ್ಮೆ ನೋಡಿಸಿರಲ್ಲ’ ಎಂದರು. ನಾನು, ‘ನಾನಾ, ಅದು ಹೊರಗೋಡೆಯಿಂದ ಬರುವ ಮಳೆನೀರು’ ಎಂದೆ.

ಈ ಎರಡು ಮಾತಿನ ನಡುವೆ ಎಷ್ಟು ಸಾವಿರ ರೂಪಾಯಿಗಳ ಅಂತರವಿದೆಯೆಂಬುದು ಸೊಸೈಟಿಗಳಲ್ಲಿರುವ ತಮಗೆ ಹೇಳಬೇಕಾಗಿಲ್ಲ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆ ಇವೆಲ್ಲ ಸೊಸೈಟಿಯ ಖರ್ಚು; ಸಂಡಾಸು, ಸಿಂಕು ಮುಂತಾದ ಮನೆಯೊಳಗಿನ ಸೋರಿಕೆ ಆಯಾ ಸದಸ್ಯನ ಖರ್ಚು. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಳೆದವನು. ನಿಯಮದ ಪುಸ್ತಕ ತೆರೆದರೆ ನನ್ನನ್ನು ಮೀರಿಸುವವರಿಲ್ಲ. ಸಭೆಯಲ್ಲಿ ಎದ್ದುನಿಂತು ಕಲಮು, ಉಪಕಲಮು ಓದಿದೆ. ನಾನಾ ಮೂಲೆಯ ಕುರ್ಚಿಯಲ್ಲಿ ಕೂತು, ‘ಪೈಪು ಪುಸ್ತಕ ಓದುವುದಿಲ್ಲ, ಅಣ್ಣಾ’ ಎಂದಷ್ಟೇ ಹೇಳಿದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು.

ನಹಾನಿ ಟ್ರ್ಯಾಪ್ ಎಂದರೆ ಬಚ್ಚಲಿನ ಮೂಲೆಯ ಜಾಳಿಗೆಯ ಕೆಳಗೆ ಹುಗಿದಿರುವ ಒಂದು ಬೋಗುಣಿ. ಅದರಲ್ಲಿ ಸದಾ ನಾಲ್ಕು ಬೆರಳು ನೀರು ನಿಂತು ಗಟಾರದ ವಾಸನೆಯನ್ನು ತಡೆಯುತ್ತದೆ. ಅದರ ಕುತ್ತಿಗೆಯ ಸುತ್ತಲಿನ ಸಿಮೆಂಟು ಬಿರುಕುಬಿಟ್ಟರೆ ನೀರು ಫರಸಿಯ ಕೆಳಗಿನ ಇಟ್ಟಿಗೆಚೂರಿನ ಕೋಬಾದಲ್ಲಿ ಇಂಗಿ, ತಿಂಗಳುಗಟ್ಟಲೆ ಅಲ್ಲೇ ಕುಳಿತು, ತನಗೆ ದಾರಿ ಸಿಕ್ಕಲ್ಲಿ ಇಳಿಯುತ್ತದೆ. ಸೋರುವ ಜಾಗ ಒಂದು, ಕಲೆ ಕಾಣುವ ಜಾಗ ಇನ್ನೊಂದು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಿದ್ದದ್ದು ವೈಟ್ ಸಿಮೆಂಟ್ ಒಂದೇ. ಒಂದು ಕಿಲೋ ತಂದು ಫರಸಿಯ ಸಂದಿಗೊಂದಿಗಳಿಗೆಲ್ಲ ಮೆತ್ತಿದೆ. ಬಚ್ಚಲು ಸುಣ್ಣ ಹಚ್ಚಿದ ಎಮ್ಮೆಯ ಹಾಗೆ ಕಾಣತೊಡಗಿತು. ಕಲೆ ಮಾತ್ರ ಬೆಳೆಯುತ್ತಲೇ ಹೋಯಿತು.

ಅಲ್ಲಿಗೇ ಬಿಡಬೇಕಾಗಿತ್ತು. ಆದರೆ ಕೈಗೆ ಸಿಮೆಂಟ್ ಹತ್ತಿದವನಿಗೆ ಪಾನಾ ಹಿಡಿಯುವ ಚಪಲವೂ ಹತ್ತುತ್ತದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಚ್‌ಮನ್ನನಿಂದ ಮೊಳದುದ್ದದ ಪೈಪ್ ಪಾನಾ ಇಸಿದುಕೊಂಡು, ನಲ್ಲಿಯ ಬುಡಕ್ಕೆ ಹಾಕಿ, ಕಾಲನ್ನು ಗೋಡೆಗೆ ಒತ್ತುಕೊಟ್ಟು ಜಗ್ಗಿದೆ. ಗೋಡೆಯೊಳಗಿನ ಹಳೆಯ ಕಬ್ಬಿಣದ ನಿಪ್ಪಲ್ಲು ತುಕ್ಕು ಹಿಡಿದು ಹಪ್ಪಳವಾಗಿತ್ತು. ‘ಟಕ್’ ಎಂದಿತು. ನಲ್ಲಿ ನನ್ನ ಕೈಯಲ್ಲಿ, ನೀರು ನನ್ನ ಎದೆಯ ಮೇಲೆ.

ತೂತಿಗೆ ಹೆಬ್ಬೆರಳು ಒತ್ತಿ, ಟಾವೆಲ್ಲಿನಲ್ಲಿ, ಹದಿನೈದು ನಿಮಿಷ ನಿಂತಿದ್ದೆ. ಹಾಲೆಂಡಿನ ಹುಡುಗನೊಬ್ಬ ಬೆರಳಿನಿಂದ ಕಟ್ಟೆಯ ತೂತು ಮುಚ್ಚಿ ಊರನ್ನು ಉಳಿಸಿದ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಹುಡುಗನ ಹಿಂದೆ ನಿಂತು, ‘ನಿಮಗ ಯಾರು ಹೇಳಿದ್ರು ಅದನ್ನ ಮುಟ್ಟಂತ? ಪ್ಲಂಬರ್ ಏನ್ ಸತ್ತಾನೇನು?’ ಎಂದು ಕೇಳುವ ಹೆಂಡತಿ ಇರಲಿಲ್ಲ. ಗಚ್ಚಿಯ ಮೇಲಿನ ವಾಲ್ವು ಬಂದ್ ಮಾಡಲು ನಮ್ಮಾಕೆ ಓಡಿದಳು; ಅದು ತಿರುಗಲೊಲ್ಲದು. ಕೊನೆಗೆ ಎಪ್ಪತ್ತಾರು ವರ್ಷದ ನಾನಾ ಮೂರು ಜಿನೆ ಹತ್ತಿಹೋಗಿ, ಎರಡು ಸಲ ಹಿಂದೆ ಮುಂದೆ ಆಡಿಸಿ, ನಯವಾಗಿ ಬಂದ್ ಮಾಡಿಬಂದರು. ಅಷ್ಟರಲ್ಲಿ ಅವರ ಅಡಿಗೆಮನೆಯಲ್ಲಿ ಆರಲು ಹರವಿದ್ದ ಹತ್ತು ಕಿಲೋ ಗೋಧಿ ನೆನೆದುಹೋಗಿತ್ತು. ಒಂದು ಮಾತೂ ಆಡದೆ ನಮ್ಮ ಬಾಗಿಲ ಮುಂದಿನಿಂದಲೇ ಇಳಿದುಹೋದರು. ಅಂದಿನಿಂದ ಮಾತು ಬಂದ್. ಜಿನೆಯಲ್ಲಿ ಎದುರಾದರೆ ಅವರು ಗೋಡೆ ನೋಡುವರು, ನಾನು ಛತ್ರಿ ನೋಡುವೆ.

ಇಂಥ ಸಮಯದಲ್ಲಿ ಮನುಷ್ಯ ದೇವಸ್ಥಾನಕ್ಕೆ ಹೋಗಬೇಕು. ನಾನು ಸೈಕಲ್ಲಿನತ್ತ ಹೋದೆ.

ಮಗ 2020ರ ಲಾಕ್‌ಡೌನ್ ಕಾಲದಲ್ಲಿ ಎಲ್ಲರಂತೆ ತಾನೂ ಒಂದು ಇಪ್ಪತ್ತೊಂದು ಗೇರಿನ ಮೌಂಟನ್ ಬೈಕ್ ಕೊಂಡಿದ್ದ. ಆಮೇಲೆ ಬೆಂಗಳೂರಿಗೆ ವರ್ಗವಾಗಿ ಹೋದ. ಸೈಕಲ್ಲು ನಮ್ಮ ಪಡಸಾಲೆಯಲ್ಲಿ ಒಗೆದ ಬಟ್ಟೆ ಒಣಗಿಸುವ ಕೆಲಸ ಮಾಡಿಕೊಂಡಿತ್ತು. ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟಾಯರಿನ ಸೈಕಲ್‌ಗಳನ್ನು ಗುಡ್ಡದಿಂದ ಕೆಳಗೆ ದೌಡಾಯಿಸುವ ಪಂದ್ಯವನ್ನು 1976ರ ಅಕ್ಟೋಬರ್ 21ರಂದು ಆರಂಭಿಸಿದರು. ಮೌಂಟನ್ ಬೈಕಿನ ವಂಶಾವಳಿ ಅಲ್ಲಿಂದ ಬಂದದ್ದು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವ ಆ ಹಾದಿಗೆ ಅವರಿಟ್ಟ ಹೆಸರು ‘ರೀಪ್ಯಾಕ್’. ಹಿಂದೆ ಪೆಡಲ್ ಮಾಡಿ ಹಿಡಿಯುವ ಬ್ರೇಕು ಕೆಳಗೆ ಮುಟ್ಟುವಷ್ಟರಲ್ಲಿ ಕೆಂಡವಾಗಿ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಸವಾರಿಯಿಲ್ಲ. ಅಂದರೆ ಈ ಆಟದ ಅರ್ಧ ಭಾಗ ಹುಟ್ಟಿನಿಂದಲೇ ರಿಪೇರಿ ಕೆಲಸ. ನನ್ನಂಥವನಿಗೆ ಇನ್ನೇನು ಬೇಕು?

ಟಾಲ್‌ಸ್ಟಾಯ್ 67ನೆಯ ವಯಸ್ಸಿನಲ್ಲಿ ಸೈಕಲ್ ಕಲಿತರೆಂದು ನಮ್ಮಾಕೆಗೆ ಹೇಳಿದೆ. ‘ಅವರಿಗೆ ಜಮೀನಿತ್ತು, ಆಳುಕಾಳಿದ್ದರು, ಬಿದ್ದರ ಎತ್ತಲಿಕ್ಕೆ’ ಎಂದಳು.

ಪೆಡಲ್ಲುಗಳು ‘ಕಿರ್’ ಎನ್ನುತ್ತಿದ್ದವು. ಬಿಚ್ಚಿ ಗ್ರೀಸು ಹಚ್ಚೋಣವೆಂದು ಪಾನಾ ಹಿಡಿದೆ. ಬಲಗಡೆಯದು ಬಂತು. ಎಡಗಡೆಯದು ತಿರುಗಿಸಿದಷ್ಟೂ ಬಿಗಿಯಾಗುತ್ತ ಹೋಯಿತು. ಪಾನಾದ ಮೇಲೆ ನಿಂತು ಕುಣಿದೆ. ಒಂದು ತಾಸಿನ ಮೇಲೆ ಅಕಸ್ಮಾತ್ತಾಗಿ ಕೈ ಜಾರಿ ಉಲ್ಟಾ ತಿರುಗಿದಾಗ ಸಲೀಸಾಗಿ ಕಳಚಿಬಂತು. ಯಾಕೆ ಹೀಗೆಂದು ಯೋಚಿಸುವ ಬದಲು, ಬಂತಲ್ಲ ಎಂದು ಹಿಗ್ಗಿದೆ. ಗ್ರೀಸು ಹಚ್ಚಿ ತಿರುಗಿ ಹಾಕುವಾಗ ಯಾವುದು ಎಲ್ಲಿಯದೆಂಬುದು ಕಲಸಿಹೋಗಿತ್ತು. ಪೆಡಲಿನ ದಂಡೆಗೆ ಎಳ್ಳುಕಾಳಿನಷ್ಟು ಅಕ್ಷರದಲ್ಲಿ ‘ಎಲ್’, ‘ಆರ್’ ಎಂದು ಕೊರೆದಿರುತ್ತಾರೆ, ಚಷ್ಮಾ ಒಳಗಿತ್ತು. ಹೋಗಲೊಲ್ಲವಾದ್ದರಿಂದ ಪಾನಾಕ್ಕೊಂದು ಪೈಪಿನ ತುಂಡು ಸಿಕ್ಕಿಸಿ ಒತ್ತಾಯದಿಂದ ಹೋಗಿಸಿದೆ. ಕ್ರ್ಯಾಂಕು ಅಲ್ಯುಮಿನಿಯಮ್ಮಿನದು, ಪೆಡಲಿನ ಅಚ್ಚು ಉಕ್ಕಿನದು. ಯಾರು ಸೋತರೆಂದು ಹೇಳಬೇಕೆ?

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಮಗ ಬಿಟ್ಟುಹೋದ ಮೈಗಂಟುವ ಕರಿ ಚಡ್ಡಿ ಹಾಕಿ, ಹೆಲ್ಮೆಟ್ ಏರಿಸಿ, ಉಪವನ ಕೆರೆಯ ಬದಿಯಿಂದ ಯೇವೂರಿನ ಚಡಾವು ಹತ್ತತೊಡಗಿದೆ. ಅತ್ತ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಎಲ್ಲೆಲ್ಲೂ ಹಸಿರು, ಹಳ್ಳಗಳ ಸದ್ದು. ವರ್ತಕ ನಗರದಿಂದ ಇಷ್ಟು ಹತ್ತಿರದಲ್ಲಿ ಚಿರತೆ ವಾಸಿಸುತ್ತದೆಂದು ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಒಂದು ತಿರುವಿನಲ್ಲಿ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ಸಕುಟುಂಬ ನಡೆದು ಬರುತ್ತಿದ್ದರು. ಜೂನ್ ಸಂಚಿಕೆಯಲ್ಲಿ ನಾನು ‘ನಿವೃತ್ತ ಜೀವನದಲ್ಲಿ ಸಮತೋಲನ’ ಎಂದು ಬರೆದಿದ್ದೆನಷ್ಟೆ. ‘ಸರ್, ನಿಮ್ಮ ಲೇಖನ ಓದಿದೆ!’ ಎಂದು ಕೂಗಿದರು. ನಾನು ಹುರುಪಿನಿಂದ ಸೀಟಿನಿಂದೆದ್ದು, ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ ತುಳಿದೆ.

ಪೆಡಲ್ಲು ಬೂಟಿನ ಸಮೇತ ಕಳಚಿ ಬಂತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಸದಸ್ಯರ ಮನೆಯವರಿಗೆ ಚೆನ್ನಾಗಿ ನೆನಪಿದೆಯಂತೆ. ಬಲಗೈ ಊರಿ ಬಿದ್ದೆನೆಂಬುದಕ್ಕೆ ಎಕ್ಸ್‌ರೇ ಸಾಕ್ಷಿ. ಚಡ್ಡಿ ಎಲ್ಲಿ ಹರಿಯಿತೆಂಬುದನ್ನು ಇಲ್ಲಿ ಬರೆಯಲಾರೆ. ಪುಣ್ಯಾತ್ಮರು ತಮ್ಮ ರೇನ್‌ಕೋಟ್ ನನ್ನ ಸೊಂಟಕ್ಕೆ ಸುತ್ತಿ ರಿಕ್ಷಾದಲ್ಲಿ ಕೂಡಿಸಿದರು.

ಆಸ್ಪತ್ರೆಯ ಬೆಂಚಿನ ಮೇಲೆ, ಬಲಗೈ ಎದೆಗೊತ್ತಿ, ಎಡಗೈಯಲ್ಲಿ ಪೆಡಲ್ ಹಿಡಿದು ಕೂತಿದ್ದೆ. ನಮ್ಮಾಕೆ ಬಂದಳು. ಅವಳ ಹಿಂದೆ ನಾನಾ. ಜಿನೆ ಇಳಿಯುವಾಗ ಅವಳು ಅಳುತ್ತಿದ್ದುದನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟರಂತೆ. ಮೂರು ತಾಸು ಕೂತರು. ಔಷಧದ ಅಂಗಡಿಗೆ ಎರಡು ಸಲ ಹೋಗಿಬಂದರು. ನನ್ನೊಡನೆ ಮಾತಿಲ್ಲ. ತಿರುಗಿ ಬರುವಾಗ ರಿಕ್ಷಾದಲ್ಲಿ ನನ್ನ ಕೈಯಿಂದ ಪೆಡಲ್ ತೆಗೆದುಕೊಂಡು, ಚಷ್ಮಾ ಹಣೆಗೇರಿಸಿ, ಉಗುರಿನಿಂದ ಅದರ ಸುತ್ತುಗಳನ್ನು ಗೀರಿ ನೋಡಿದರು.

‘ಇದು ಎಡಗಡೆಯದು. ಬಲಗಡೆ ಹೇಗೆ ಹೋಯಿತು?’

‘ಹೋಗಲೊಲ್ಲದಾಗಿತ್ತು ನಾನಾ, ನಾನೇ...’

‘ಎಡಗಡೆಯ ಆಟೆ ಉಲ್ಟಾ ಇರುತ್ತದೆ, ಅಣ್ಣಾ. ಇಲ್ಲದಿದ್ದರೆ ತುಳಿದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ. ನಿಮ್ಮ ಟೇಬಲ್ ಫ್ಯಾನಿನ ರೆಕ್ಕೆಯ ಮುಂದಿನ ಟೋಪಿಯೂ ಹಾಗೇ, ಉಲ್ಟಾ.’

ಆ ಟೋಪಿಯನ್ನು ನಾನು 1998ರಲ್ಲಿ ಮುರಿದು, ಮಾಲು ಖೋಟಾ ಎಂದು ಅಂಗಡಿಯವನೊಡನೆ ಜಗಳಾಡಿದ್ದೆ. ವಿಮಾನ ಹಾರಿಸುವ ಮುಂಚೆ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರ ಸುಮಾರಿಗೇ ತಮ್ಮ ಸೈಕಲ್‌ಗಳ ಎಡ ಪೆಡಲಿಗೆ ಈ ಉಲ್ಟಾ ತಿರುಪನ್ನು ಹಾಕುತ್ತಿದ್ದರೆಂದು ಆಮೇಲೆ ಓದಿ ತಿಳಿದೆ. ನನಗೆ ಅದು ತಲುಪಲು ಇಷ್ಟು ವರ್ಷ ಹಿಡಿಯಿತು, ಅದೂ ಬೆಪ್ಪನಂತೆ ರಿಕ್ಷಾದಲ್ಲಿ ಕೂತು, ಇನ್ನೊಬ್ಬರ ರೇನ್‌ಕೋಟ್ ಸುತ್ತಿಕೊಂಡು. ಹಾಗೆ ನೋಡಿದರೆ ಜೆರೋಮ್ ಕೆ. ಜೆರೋಮ್ ಮಹಾಶಯ 1889ರಲ್ಲಿ ಗೋಡೆಗೊಂದು ಚಿತ್ರ ತೂಗುಹಾಕಲು ಹೊರಟ ಪಾಡ್ಜರ್ ಮಾವನನ್ನೂ, 1900ರಲ್ಲಿ ಗೆಳೆಯನ ಸೈಕಲ್ ಬಿಚ್ಚಿ ಗುಂಡುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದವನನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದ. ನಮ್ಮ ಕಟ್ಟಡಕ್ಕೆ ಬಂದಿದ್ದರೆ ಒಂದೇ ಪುಸ್ತಕದಲ್ಲಿ ಕೆಲಸ ಮುಗಿಯುತ್ತಿತ್ತು.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಪಾನಾ ಹಿಡಿಯುವಂತಿಲ್ಲ. ಎರಡು ದಿನ ಬಿಟ್ಟು ಪ್ಲಂಬರನನ್ನು ಕರೆಸಿದೆ. ಅವನು ಟ್ರ್ಯಾಪಿನ ಬಾಯಿಗೆ ಅರಿವೆ ತುರುಕಿ, ಬಚ್ಚಲಿನಲ್ಲಿ ಎರಡಿಂಚು ನೀರು ನಿಲ್ಲಿಸಿ, ‘ರಂಗ್ ಹೈ ಕ್ಯಾ?’ ಎಂದು ಕೇಳಿದ. ನಮ್ಮಾಕೆ ರಂಗಪಂಚಮಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣದ ಪುಡಿ ತಂದು ಸುರಿದಳು. ಅದೂ ಧಾರಾಳವಾಗಿ.

ಮರುದಿನ ಸಂಜೆ ನಾನೇ ಕೆಳಗಿಳಿದು ನಾನಾ ಅವರ ಬಾಗಿಲು ಬಡಿದೆ. ಒಳಗೆ ಕರೆದು, ಬೆರಳೆತ್ತಿ ಮೇಲೆ ತೋರಿಸಿದರು. ಬಚ್ಚಲಿನ ಮಾಡಿನಿಂದ ಪ್ಯಾಸೇಜಿನವರೆಗೆ ಸುಂದರವಾದ ಗುಲಾಬಿ ಮೋಡ. ಮಳೆನೀರು ಗುಲಾಬಿ ಬಣ್ಣದ್ದಿರುತ್ತದೆಂದು ಯಾವ ಉಪವಿಧಿಯಲ್ಲೂ ಇಲ್ಲ. ‘ನನ್ನದೇ, ನಾನಾ. ಗೋಧಿಯದೂ ಸೇರಿಸಿ ಹೇಳಿ’ ಎಂದೆ. ಇದನ್ನು ಹೇಳಲು ಎರಡು ಮಾಳಿಗೆಗಳ ನಡುವಿನ ಹದಿನೆಂಟು ಮೆಟ್ಟಿಲಿಳಿಯುವುದಕ್ಕೆ ನನಗೆ ಯೇವೂರಿನ ಚಡಾವಿಗಿಂತ ಹೆಚ್ಚು ಹೊತ್ತು ಹಿಡಿದಿತ್ತು. ಅವರು ಗೋಧಿಯ ಮಾತೆತ್ತಲಿಲ್ಲ. ‘ಕ್ರ್ಯಾಂಕಿಗೆ ಹೊಸ ಆಟೆ ಹಾಕಲು ಬರುವುದಿಲ್ಲ, ತೂತು ಸವೆದುಹೋಗಿದೆ. ಹೊಸದು ತನ್ನಿ. ಹಾಕುವಾಗ ನನ್ನನ್ನು ಕರೆಯಿರಿ’ ಎಂದರು.

ಹೊಸ ಟ್ರ್ಯಾಪ್ ಕೂತಿದೆ. ಕೆಳಗಿನ ಮಾಡಿಗೆ ಬಣ್ಣ ಹೊಡೆಸುವುದು ನನ್ನ ಖರ್ಚು. ಆದರೆ ಸ್ಲ್ಯಾಬು ಪೂರ್ತಿ ಒಣಗದೆ ಹೊಡೆಸಿದರೆ ಮತ್ತೆ ಪೊರೆ ಏಳುತ್ತದಂತೆ, ದೀಪಾವಳಿಯವರೆಗೆ ಕಾಯಬೇಕು. ಹೀಗಾಗಿ ಈ ಸಲದ ಗಣಪತಿಗೆ ನಾನಾ ಅವರ ಮನೆಗೆ ಬಂದವರೆಲ್ಲ ಆ ಗುಲಾಬಿ ಮೋಡದ ಕೆಳಗೇ ಹಾದುಹೋಗಿ ಒಮ್ಮೆ ಮೇಲೆ ನೋಡುತ್ತಿದ್ದರು. ನಾನು ಪ್ಲಾಸ್ಟರ್ ಕೈಯಲ್ಲಿ ಮೋದಕದ ತಟ್ಟೆ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಯಾರಾದರೂ ಕೇಳಿದರೆ ನಾನಾ ಹೇಳುತ್ತಿದ್ದರು:

‘ಅದೇನಿಲ್ಲ, ನಮ್ಮ ಅಣ್ಣಾ ಈ ವರ್ಷ ಮೇಲಿನಿಂದಲೇ ಗುಲಾಲು ಹಾರಿಸಿದ್ದಾರೆ.’