ಹಳ್ಳಿಯ ಆರೋಗ್ಯ ಯಾರ ಹೆಗಲ ಮೇಲೆ?

ಅಬ್ಬಿಗೇರಿಯ ಎರೆಹೊಲದಲ್ಲಿ ದುಡಿಯುವ ಕೂಲಿಕಾರನಿಗೆ ದೊಡ್ಡ ಬೇನೆ ಬಂದರೆ ರೋಣಕ್ಕೋ ಗದಗಿಗೋ ಓಡಬೇಕು. ಹೋಗಿಬರುವ ಖರ್ಚು ಒಂದು ಕಡೆ, ತಪ್ಪಿದ ದಿನಗೂಲಿ ಇನ್ನೊಂದು ಕಡೆ.

ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲಿಯೇ ಹೇಳಿತು. ಬಯಲು ಪ್ರದೇಶದಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರವೆಂಬ ನಿಯಮವೂ ಇದೆ. ಆದರೆ ಬರಿಯ ಕಟ್ಟಡದಿಂದ ರೋಗ ವಾಸಿಯಾಗದು. ಊರಲ್ಲಿ ನಿಲ್ಲುವ ಜನ ಬೇಕು.

ಹಾಗೆ ನಿಂತವಳು ಆಶಾ ಕಾರ್ಯಕರ್ತೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಈಕೆ ಸುಮಾರು ಸಾವಿರ ಜನರಿಗೊಬ್ಬಳು. ಊರವಳೇ ಆದ್ದರಿಂದ ವರ್ಗಾವಣೆಯ ಮಾತಿಲ್ಲ. ಬಸುರಿಯನ್ನು ಹೆರಿಗೆಗೆ ಕರೆದೊಯ್ಯುವವಳು, ಕೂಸಿನ ಲಸಿಕೆಯ ದಿನ ನೆನಪಿಸುವವಳು ಅವಳೇ. ಸರಕಾರ ಅವಳಿಗಿಟ್ಟ ಹೆಸರು ಮಾತ್ರ ಸ್ವಯಂಸೇವಕಿ. ಸಿಗುವುದು ಗೌರವಧನ, ಪ್ರೋತ್ಸಾಹಧನ, ಸಂಬಳವಲ್ಲ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು 2025ರ ಜನವರಿಯಲ್ಲಿ ಈ ತಾಯಂದಿರು ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು.

ಅಗ್ಗದ ದುಡಿಮೆಯ ಮೇಲೆ ನಿಂತ ಸೇವೆ ಬಹುಕಾಲ ಬಾಳದು. ಆಕೆಯನ್ನು ನೌಕರಳೆಂದು ಒಪ್ಪಿ ಕನಿಷ್ಠ ವೇತನ, ನಿವೃತ್ತಿವೇತನ ಕೊಡಬೇಕೆಂಬುದು ನಮ್ಮ ಒತ್ತಾಯ. ಪ್ರತಿ ಗ್ರಾಮಸಭೆಯೂ ಹೀಗೆಂದು ಠರಾವು ಮಾಡಬೇಕೆಂದು ರೈತ-ಕೂಲಿಕಾರ ಬಂಧುಗಳನ್ನು ಕೇಳಿಕೊಳ್ಳುತ್ತೇವೆ.